ಫೋಟೋದಾಗ ನೀ ಎಲ್ಲಿ?

ಬೆಳಗಾವಿಯಲ್ಲಿ ಕೆಲಸ, ರಜೆ ಸಿಕ್ಕರೆ ಕ್ಯಾಮೆರಾ ಹೆಗಲಿಗೆ. ಆದರೆ ತೆಗೆದ ಫೋಟೋ ಮನೆಯಲ್ಲಿ ತೋರಿಸಿದರೆ ಮೊದಲು ಬರುವ ಮಾತು: "ಇದ್ರಾಗ ನೀ ಎಲ್ಲಿ ಅದೀಯೋ?"

ಬಾದಾಮಿಯ ಭೂತನಾಥ ಗುಡಿ ಅಗಸ್ತ್ಯ ತೀರ್ಥದ ಪೂರ್ವ ದಂಡೆಯಲ್ಲಿದೆ. ಸಂಜೆ ಬಿಸಿಲು ನೇರವಾಗಿ ಬಿದ್ದು ಕೆಂಪು ಕಲ್ಲು ಹೊಳೆಯುತ್ತದೆ. ಗಾಳಿ ನಿಂತರೆ ಇಡೀ ಗುಡಿ ನೀರಿನಲ್ಲಿ ತಲೆಕೆಳಗಾಗಿ ಕಾಣುತ್ತದೆ. ಆ ಸ್ವಲ್ಪ ಹೊತ್ತಿಗಾಗಿ ಟ್ರೈಪಾಡ್ ಹಾಕಿ, ಮಂಗಗಳಿಂದ ಬ್ಯಾಗ್ ಕಾಪಾಡಿಕೊಂಡು ಕಾಯುತ್ತೇನೆ. ನಮ್ಮ ಕಾಕು ಆ ಫೋಟೋ ದೊಡ್ಡದು ಮಾಡಿ, ಬಿದ್ದ ಸೂಜಿ ಹುಡುಕಿದ ಹಾಗೆ ಮೂಲೆ ಮೂಲೆ ನೋಡುತ್ತಾರೆ. "ಬರೇ ಗುಡಿ ತಗದು ಏನ್ ಮಾಡ್ತಿ? ಇದು ಕ್ಯಾಲೆಂಡರ್‌ನ್ಯಾಗೂ ಬರ್ತದ."

ಗೋಕಾಕ್ ಫಾಲ್ಸ್‌ನದೂ ಅದೇ ಪಾಡು. ಘಟಪ್ರಭಾ ಸುಮಾರು 52 ಮೀಟರ್ ಮೇಲಿಂದ ಧುಮುಕುತ್ತಿದೆ, ನೋಡಿ ಸುಮ್ನೆ ಇರಬಾರದಾ? ಇಲ್ಲ. "ಮುಂದ ನಿಂತು ಒಂದು ಸೆಲ್ಫಿ ತಗೋಬೇಕಿಲ್ಲೋ!" ಮಳೆಗಾಲದಲ್ಲಿ ಆ ಬಂಡೆ ಎಷ್ಟು ಜಾರುತ್ತೆ ಅಂತ ಇವರಿಗೇನು ಗೊತ್ತು.

ಇಷ್ಟೆಲ್ಲ ಅಂದವರೇ ಮರುದಿನ ಅದೇ ಫೋಟೋ ಮೇಲೆ ಎರಡು ಗುಲಾಬಿ ಅಂಟಿಸಿ, 'ಶುಭೋದಯ' ಅಂತ ಬರೆದು ಫ್ಯಾಮಿಲಿ ಗ್ರೂಪ್‌ಗೆ ಹಾಕುತ್ತಾರೆ. ನನ್ನ ಹೆಸರಂತೂ ಇರಲ್ಲ!