ಐದು ಪಾಲಿಕೆ ಆಯ್ತು, ಕೇಳೋದು ಯಾರನ್ನ?

ಬೆಂಗಳೂರು ಕೈಮೀರಿ ಬೆಳೆದಿದೆ, ಅದಕ್ಕೇ ಆಳಲು ಆಗುತ್ತಿಲ್ಲ ಅನ್ನುವ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಊರು ಬೆಳೆದದ್ದು ನಿಜ. ಆದರೆ ಅದನ್ನು ನೋಡಿಕೊಳ್ಳುವವರು ಯಾರು ಅಂತ ಕೇಳಿದರೆ ಹತ್ತು ಕಡೆ ಕೈ ತೋರಿಸುತ್ತಾರಲ್ಲ, ತೊಂದರೆ ಇರುವುದು ಅಲ್ಲಿ.

ನಮ್ಮ ಬೀದಿಯ ಮ್ಯಾನ್‌ಹೋಲನ್ನೇ ನೋಡಿ. ಪ್ರತಿ ಸಲ ಡಾಂಬರು ಬಿದ್ದಾಗ ರಸ್ತೆ ಒಂದಿಷ್ಟು ಮೇಲೇರುತ್ತದೆ, ಮುಚ್ಚಳ ಇದ್ದಲ್ಲೇ ಇರುತ್ತದೆ. ಈಗ ಅದು ಗೇಣುದ್ದದ ಗುಂಡಿ. ಬೈಕಿನವರು ಬೀಳದಿರಲಿ ಅಂತ ಯಾರೋ ಪುಣ್ಯಾತ್ಮರು ಮರದ ಕೊಂಬೆ ನೆಟ್ಟು ಕೆಂಪು ಬಟ್ಟೆ ಕಟ್ಟಿದ್ದಾರೆ. ಡಾಂಬರಿನವರನ್ನು ಕೇಳಿದರೆ ಮುಚ್ಚಳ ನಮ್ಮದಲ್ಲ ಅಂತಾರೆ. ಮುಚ್ಚಳದವರು ರಸ್ತೆ ನಮ್ಮದಲ್ಲ ಅಂತಾರೆ. ತಮಾಷೆ ಏನಂದರೆ ಇಬ್ಬರು ಹೇಳುವುದೂ ನಿಜ!

ರಸ್ತೆ, ಕಸ ಪಾಲಿಕೆಗೆ. ನೀರು, ಒಳಚರಂಡಿ 1964ರಿಂದ ಜಲಮಂಡಳಿಗೆ. ಕರೆಂಟು ಬೆಸ್ಕಾಂ, ಬಸ್ಸು ಬಿಎಂಟಿಸಿ, ಬಡಾವಣೆ ಬಿಡಿಎ, ಮೆಟ್ರೋಗೆ ಬೇರೆ ಕಂಪನಿ. ಪಾಲಿಕೆ ಬಿಟ್ಟರೆ ಇವರ್ಯಾರೂ ಮೇಯರ್ ಕೈಕೆಳಗಿಲ್ಲ, ಎಲ್ಲರ ಮುಖ ವಿಧಾನಸೌಧದ ಕಡೆಗೆ. ಮೇಯರ್ ಆದರೂ, ಬಿಬಿಎಂಪಿ ಅಂತ ಊರಿಗೆಲ್ಲ ಒಂದೇ ಪಾಲಿಕೆ ಇದ್ದ ಕಾಲದಲ್ಲಿ ಒಂದು ವರ್ಷದವರು. ಕಡತ ಅರ್ಥವಾಗುವಷ್ಟರಲ್ಲಿ ಹಾರ ತುರಾಯಿ, ಬೀಳ್ಕೊಡುಗೆ.

2007ರಲ್ಲಿ ಹಳೇ ಪಾಲಿಕೆಗೆ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿ ಸೇರಿಸಿ ಬಿಬಿಎಂಪಿ ಮಾಡಿದರು. ಹಳ್ಳಿಗಳು ಪಾಲಿಕೆಯ ಲೆಕ್ಕಕ್ಕೆ ಬಂದವು, ಕಾವೇರಿ ಬರಲಿಲ್ಲ. ಆ ಹಳ್ಳಿಗಳಿಗಾಗಿಯೇ ಮಾಡಿದ ಕಾವೇರಿ ಐದನೇ ಹಂತದ ಯೋಜನೆ ಉದ್ಘಾಟನೆ ಆಗಿದ್ದು 2024ರ ಅಕ್ಟೋಬರಿನಲ್ಲಿ. ಅಷ್ಟರಲ್ಲಿ ಗದ್ದೆ, ತೋಟ ಇದ್ದ ಕಡೆ ಅಪಾರ್ಟ್‌ಮೆಂಟ್ ಎದ್ದವು. ಒಂದು ತಲೆಮಾರಿನ ಮಕ್ಕಳು ಟ್ಯಾಂಕರ್ ನೀರಿನಲ್ಲೇ ಬೆಳೆದರು. ನೀರು ಬರಬೇಕಾದ್ದು ಸುಮಾರು 100 ಕಿ.ಮೀ. ದೂರದ ತೊರೆಕಾಡನಹಳ್ಳಿಯಿಂದ, ಹತ್ತಿರ ಹತ್ತಿರ 500 ಮೀಟರ್ ಮೇಲಕ್ಕೆ ಪಂಪ್ ಆಗಿ. ಇದು ಸಣ್ಣ ಪಾಲಿಕೆಯ ಕೈಲಾಗುವ ಕೆಲಸ ಅಲ್ಲ, ಒಪ್ಪುತ್ತೇನೆ.

2025ರ ಸೆಪ್ಟೆಂಬರ್ 2ರಂದು ಬಿಬಿಎಂಪಿ ಹೋಗಿ ಐದು ಪಾಲಿಕೆ ಬಂದವು. ಮೇಲೊಂದು ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಮುಖ್ಯಮಂತ್ರಿಯೇ ಅಧ್ಯಕ್ಷರು. ನೀರು, ಬಸ್ಸು, ಮೆಟ್ರೋದವರನ್ನು ಒಂದೇ ಮೇಜಿಗೆ ಕರೆದು ಕೂರಿಸುವವರು ಬೇಕು, ಅದು ಸರಿಯೇ. ಆದರೆ ಯಾವ ಪಕ್ಷದವರೇ ಇರಲಿ, ಮುಖ್ಯಮಂತ್ರಿ ಬೀದರಿನಿಂದ ಚಾಮರಾಜನಗರದವರೆಗೆ ನೋಡಬೇಕು. ಗೇಣುದ್ದದ ಗುಂಡಿಗೆ ಅವರಿಗೆಲ್ಲಿ ಪುರುಸೊತ್ತು?

ಅದಕ್ಕೆ ಇರಬೇಕಾದವರು ಕಾರ್ಪೊರೇಟರ್. 2020ರ ಸೆಪ್ಟೆಂಬರಿನಲ್ಲಿ ಕೌನ್ಸಿಲ್ ಅವಧಿ ಮುಗಿಯಿತು. ಅವಧಿ ಮುಗಿಯುವ ಮುಂಚೆಯೇ ಚುನಾವಣೆ ನಡೆಯಬೇಕು ಅಂತ ಸಂವಿಧಾನ ಹೇಳುತ್ತದೆ. ಬಿಬಿಎಂಪಿ ಇರುವ ತನಕ ನಡೆಯಲೇ ಇಲ್ಲ. ಕೋವಿಡ್ ಎರಡನೇ ಅಲೆ, 2022ರ ಪ್ರವಾಹ, 2024ರ ನೀರಿನ ಬರ, ಎಲ್ಲವನ್ನೂ ಊರು ಒಬ್ಬ ಕಾರ್ಪೊರೇಟರೂ ಇಲ್ಲದೆ ಕಳೆಯಿತು. ವಾರ್ಡು 198 ಇದ್ದದ್ದು 243 ಮಾಡಿದರು, ಆಮೇಲೆ 225 ಮಾಡಿದರು. ಎರಡು ಪಕ್ಷದ ಸರ್ಕಾರಗಳಿಗೂ ಇದು ಅನುಕೂಲವೇ ಆಗಿತ್ತು ಅಂತ ನನ್ನ ಅನಿಸಿಕೆ. ನಾವೂ ಕಮ್ಮಿ ಇಲ್ಲ ಬಿಡಿ, 2010ರಲ್ಲೂ 2015ರಲ್ಲೂ ಅರ್ಧಕ್ಕರ್ಧ ಜನ ವೋಟು ಹಾಕಲಿಲ್ಲ.

ಇನ್ನೊಂದು ಅನುಮಾನ ದುಡ್ಡಿನದು. ಪೂರ್ವ ಪಾಲಿಕೆಗೆ ಬಂದಿರುವುದು ಮಹದೇವಪುರ, ಕೆ.ಆರ್.ಪುರ. ದೊಡ್ಡ ದೊಡ್ಡ ಐಟಿ ಪಾರ್ಕುಗಳ ಆಸ್ತಿ ತೆರಿಗೆ ಅಲ್ಲಿ. ಪಶ್ಚಿಮದ್ದು ಹೆಚ್ಚಾಗಿ ಹಳೇ ಬಡಾವಣೆ, ವಾರ್ಡುಗಳೋ ಪೂರ್ವದ ಎರಡರಷ್ಟಕ್ಕೂ ಜಾಸ್ತಿ. ಕಸ ಎತ್ತುವ ಖರ್ಚು ಯಾವ ಪಾಲಿಕೆಗೂ ತಪ್ಪಿದ್ದಲ್ಲ, ಅಲ್ವಾ? ಕಡಿಮೆ ಬಿದ್ದದ್ದು ಸರ್ಕಾರದಿಂದಲೇ ಬರಬೇಕು ಅಂದರೆ, ಐದು ಜನ ಮೇಯರುಗಳಲ್ಲಿ ಬಡವರಾದವರು ವಿಧಾನಸೌಧದ ಮೆಟ್ಟಿಲು ಹತ್ತುತ್ತಲೇ ಇರಬೇಕಾಗುತ್ತದೆ.