ಕೇಸು ಮುಗಿದು ನೂರು ವರ್ಷ ಆಯ್ತು ಸ್ವಾಮಿ

ಈಗಷ್ಟೇ ಒಂದು ರೀಲ್ ನೋಡಿ ಮೈ ಉರಿಯುತ್ತಿದೆ. ಹಿಂದೆ ದೆವ್ವದ ಸಿನಿಮಾದ ಮ್ಯೂಸಿಕ್, ಎದುರಿಗೆ ಹಾಲಿವುಡ್ ಮೂಕಿ ಸಿನಿಮಾದ ಕಾಮಿಡಿ ನಟ ರಾಸ್ಕೋ 'ಫ್ಯಾಟಿ' ಆರ್ಬಕಲ್ ಫೋಟೋ. 1921ರ ಸೆಪ್ಟೆಂಬರ್, ಸ್ಯಾನ್ ಫ್ರಾನ್ಸಿಸ್ಕೋದ ಹೋಟೆಲ್, ಪಾರ್ಟಿ, ವರ್ಜೀನಿಯಾ ರಾಪೆ ಎಂಬ ನಟಿಯ ಸಾವು, ಅದಕ್ಕೆ ಇವನೇ ಕಾರಣ ಅನ್ನೋ ಆರೋಪ. ಅಲ್ಲಿಗೆ ರೀಲ್ ಮುಗೀತು!

ಆಮೇಲಿನದ್ದು ಹೇಳೋಕೆ ಏನು ರೋಗ? ಮೂರು ಸಲ ವಿಚಾರಣೆ ನಡೆಯಿತು. ಮೊದಲೆರಡು ಸಲ ಜ್ಯೂರಿಯವರು ಒಮ್ಮತಕ್ಕೆ ಬರಲಿಲ್ಲ. 1922ರ ಏಪ್ರಿಲ್‌ನಲ್ಲಿ ಮೂರನೇ ಜ್ಯೂರಿ ಕೆಲವೇ ನಿಮಿಷದಲ್ಲಿ ನಿರ್ದೋಷಿ ಅಂದಿತು. ಬರೀ ಬಿಡುಗಡೆ ಸಾಲದು, ಇವನಿಗೆ ದೊಡ್ಡ ಅನ್ಯಾಯವಾಗಿದೆ ಅಂತ ಬರೆದೂ ಕೊಟ್ಟಿತು. ವಾರದೊಳಗೆ ಹಾಲಿವುಡ್ ದೊರೆಗಳು ಸಿನಿಮಾರಂಗದ ಮಾನ ಕಾಯೋಕೆ ನೇಮಿಸಿಕೊಂಡಿದ್ದ ವಿಲ್ ಹೇಸ್ ಅವನ ಸಿನಿಮಾಗಳನ್ನು ನಿಷೇಧಿಸಿದ. ಎಂಥಾ ನ್ಯಾಯ ನೋಡಿ. ವರ್ಷದ ಕೊನೆಗೆ ನಿಷೇಧ ತೆಗೆದರು. ಹೋದ ಮರ್ಯಾದೆ ವಾಪಸ್ ಬರಲಿಲ್ಲ.

ನನ್ನ ಹಳೇ ಸಿನಿಮಾ ಹುಚ್ಚು ನಿಮಗೆ ಗೊತ್ತೇ ಇದೆ. ಅವನು ನಿರ್ದೇಶಕ ಅನ್ನೋದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಅದೇ ನನ್ನ ಹೊಟ್ಟೆಯುರಿ. 1916ರ 'ಫ್ಯಾಟಿ ಅಂಡ್ ಮೇಬಲ್ ಅಡ್ರಿಫ್ಟ್' ನೋಡಿ. ನಾಯಕಿ ಮೇಬಲ್ ನಾರ್ಮಂಡ್ ನಿದ್ದೆ ಹೋಗಿದ್ದಾಳೆ. ಇವನು ಅವಳನ್ನು ಮುಟ್ಟುವುದೂ ಇಲ್ಲ. ಇವನ ನೆರಳು ಮೆಲ್ಲಗೆ ಬಾಗಿ ಅವಳಿಗೆ ಮುತ್ತು ಕೊಡುತ್ತದೆ. ಕೆಸರಿಗೆ ಬೀಳೋದು, ಒದೆ ತಿನ್ನೋದು, ಇಷ್ಟೇ ಕಾಮಿಡಿ ಅಂದುಕೊಂಡಿದ್ದ ಕಾಲದಲ್ಲಿ! ಚಾಪ್ಲಿನ್ 1925ರಲ್ಲಿ ಫೋರ್ಕಿಗೆ ಬನ್ ಚುಚ್ಚಿ ಕುಣಿಸಿದ್ದನ್ನು ಎಲ್ಲರೂ ಶೇರ್ ಮಾಡ್ತೀರಿ ಅಲ್ವಾ? ಆರ್ಬಕಲ್ 1917ರ 'ದ ರಫ್ ಹೌಸ್'ನಲ್ಲೇ ಬನ್ನುಗಳನ್ನು ನಡೆಸಿದ್ದ. ಕಾಮಿಡಿ ದಿಗ್ಗಜ ಬಸ್ಟರ್ ಕೀಟನ್‌ನನ್ನು ಸಿನಿಮಾಕ್ಕೆ ತಂದವನೂ ಇವನೇ, ಅದೇ ವರ್ಷ. ಆದರೂ ರೀಲ್‌ಗೆ ಬೇಕಾಗಿದ್ದು ಹೋಟೆಲ್ ರೂಮು ಮಾತ್ರ.

"ಹೆಣ್ಣೊಬ್ಬಳು ಸತ್ತಿದ್ದಾಳೆ, ನಿನಗೆ ಇವನ ಚಿಂತೆ" ಅಂತ ಯಾರೋ ಕಮೆಂಟ್ ಹಾಕ್ತಾರೆ, ಗೊತ್ತು. ಅವಳ ಸಾವು ಸಣ್ಣದಲ್ಲ. ಕೋರ್ಟಿನಲ್ಲಿ ಅವಳ ನಡತೆಯನ್ನು ಹರಾಜು ಹಾಕಿದ್ದೂ ಹೊಲಸೇ. ಹಾಗಂತ ಈ ರೀಲ್‌ನವರು ಅವಳಿಗಾಗಿ ಅಳ್ತಿದ್ದಾರಾ? ಅವಳ ಹೆಸರನ್ನೂ ಸರಿಯಾಗಿ ಹೇಳಲು ಬಂದಿಲ್ಲ. ಲೈಕ್ ಬೇಕು ಅಷ್ಟೇ.

ಫ್ಯಾಟಿ ಅಂತ ಕರೆಸಿಕೊಳ್ಳೋದು ಅವನಿಗೆ ಇಷ್ಟವಿರಲಿಲ್ಲವಂತೆ. ನನ್ನನ್ನು ಶಾಲೆಯಲ್ಲಿ ಡುಮ್ಮ ಅಂತ ಕರೆದವರು ಇದನ್ನು ಓದ್ತಿದ್ದೀರಿ. ನಗ್ತಿದ್ದೆ ನಿಜ. ಖುಷಿಯಿಂದಲ್ಲ.

ಕೇಸಿನ ನಂತರ ಅವನು ವಿಲಿಯಂ ಗುಡ್‌ರಿಚ್ ಅನ್ನೋ ಹೆಸರಲ್ಲಿ ನಿರ್ದೇಶನ ಮಾಡಿದ. ನಿರ್ದೋಷಿ ತನ್ನ ಹೆಸರು ಬಚ್ಚಿಟ್ಟು ದುಡಿಯಬೇಕು! ತಮಾಷೆ ಕೇಳಿ: ಅವನನ್ನು ಮುಖಪುಟದಲ್ಲಿ ಹರಿದು ತಿಂದಿದ್ದು ಪತ್ರಿಕಾ ದೊರೆ ಹರ್ಸ್ಟ್‌ನ ಪತ್ರಿಕೆಗಳು. 1927ರಲ್ಲಿ ಅದೇ ಹರ್ಸ್ಟ್‌ನ ಕಂಪನಿ, ಅದೇ ಹರ್ಸ್ಟ್‌ನ ಪ್ರೇಯಸಿ ಮೇರಿಯನ್ ಡೇವಿಸ್ ನಾಯಕಿ, 'ದ ರೆಡ್ ಮಿಲ್' ಸಿನಿಮಾ. ನಿರ್ದೇಶಕ ಯಾರು? ಗುಡ್‌ರಿಚ್ ಸಾಹೇಬರು! ಪೇಪರ್ ಮಾರೋಕೆ ಬೇಕಾದಾಗ ರಾಕ್ಷಸ, ಕೆಲಸ ಬೇಕಾದಾಗ ನಿರ್ದೇಶಕ.

1933ರಲ್ಲಿ ತೀರಿಕೊಂಡ, 46 ವರ್ಷಕ್ಕೆ. ಅವನ ಎಷ್ಟೋ ಚಿತ್ರಗಳು ಯೂಟ್ಯೂಬ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಒಂದನ್ನಾದರೂ ನೋಡಿ ಆಮೇಲೆ ನನ್ನ ಜೊತೆ ಜಗಳಕ್ಕೆ ಬನ್ನಿ. ನೋಡದೆ ಆ ರೀಲ್ ಲಿಂಕ್ ಇಲ್ಲಿ ಹಾಕಿದರೆ ಸುಮ್ನೆ ಬ್ಲಾಕ್ ಮಾಡ್ತೀನಿ.