ರಿಮೋಟು ಕೌಂಟರಿನಲ್ಲಿದೆ

ನಮ್ಮಪ್ಪ ಲಾಡ್ಜಿಗೆ ಹೋದರೆ ಕೌಂಟರಿನಲ್ಲಿ ಎರಡೇ ಪ್ರಶ್ನೆ ಕೇಳುತ್ತಿದ್ದರು. ಬಿಸಿನೀರು ಎಷ್ಟು ಗಂಟೆಗೆ ಬಿಡ್ತೀರಿ? ಫ್ಯಾನು ಓಡುತ್ತಾ? ಎರಡನೆಯದಕ್ಕೆ ಹೌದು ಅಂದರೂ ನಂಬುತ್ತಿರಲಿಲ್ಲ. ರೂಮಿಗೆ ಹೋಗಿ ರೆಗ್ಯುಲೇಟರನ್ನು ಐದರವರೆಗೆ ತಿರುಗಿಸಿ, ಕತ್ತೆತ್ತಿ ಒಂದು ನಿಮಿಷ ನೋಡಿ, ಆಮೇಲೆ ಕೆಳಗಿಳಿದು ಅಡ್ವಾನ್ಸ್ ಕೊಡುತ್ತಿದ್ದರು. ನಾವು ಮೈಸೂರಿನವರು. ನಮ್ಮ ಲೆಕ್ಕದಲ್ಲಿ ಎಸಿ ಅನ್ನುವುದು ಚಿನ್ನದಂಗಡಿಯಲ್ಲೂ ಎಟಿಎಂನಲ್ಲೂ ಇರುವ ಸಾಮಾನು. ಮಲಗುವ ಕೋಣೆಗೂ ಅದಕ್ಕೂ ಏನು ಸಂಬಂಧ?

2017ರಲ್ಲಿ ಜಿಎಸ್‌ಟಿ ಬಂದ ಹೊಸದರಲ್ಲಿ ಎಸಿ ಇರುವ ಹೋಟೆಲಿನಲ್ಲಿ ತಿಂದರೆ ಶೇ 18, ಇಲ್ಲದ ಕಡೆ ಶೇ 12 ತೆರಿಗೆ ಹಾಕಿದರು. ಅಪ್ಪನಿಗೆ ಪರಮ ಸಂತೋಷ. 'ನೋಡಿದ್ಯಾ, ಸರ್ಕಾರವೇ ದಂಡ ಹಾಕ್ತಿದೆ' ಅಂದರು. ಐದು ತಿಂಗಳಾಗುವಷ್ಟರಲ್ಲಿ ಎರಡನ್ನೂ ಶೇ 5ಕ್ಕೆ ಇಳಿಸಿದಾಗ ಅವರ ಮುಖ ನೋಡಬೇಕಿತ್ತು.

ಆ ರಕ್ತ ನನ್ನಲ್ಲೂ ಇದೆ. ಬೇಸಿಗೆ ರಜೆಗೆ ಫೋನಿನಲ್ಲಿ ರೂಮು ಹುಡುಕುವಾಗ 'ಎಸಿ' ಅನ್ನುವ ಚಿಕ್ಕ ಚೌಕ ಕಾಣುತ್ತದಲ್ಲ, ಅದನ್ನು ಒತ್ತಲು ಬೆರಳು ಬರುವುದಿಲ್ಲ. ಒತ್ತಿದರೆ ಆರುನೂರು ರೂಪಾಯಿ ಜಾಸ್ತಿ. ಆರುನೂರಕ್ಕೆ ಮೂರೂ ಜನ ಎರಡು ಹೊತ್ತು ಊಟ ಮಾಡಬಹುದು. ಹೆಂಡತಿ ಕೇಳುತ್ತಾಳೆ, 'ರೀ, ಹಾಗೆ ಉಳಿಸಿದ ಆರುನೂರು ಇಲ್ಲೀವರೆಗೆ ಎಲ್ಲಿದೆ, ತೋರಿಸಿ.' ಇದಕ್ಕೆ ನನ್ನ ಹತ್ತಿರ ಉತ್ತರವಿಲ್ಲ.

ಹಾಗಂತ ಅಪ್ಪ ಸೆಕೆಗೆ ಸೋತು ಕೂರುವವರಲ್ಲ. ಅವರ ಹತ್ತಿರ ಒಂದು ವಿದ್ಯೆ ಇತ್ತು. ಗೋಳಗುಮ್ಮಟ ತೋರಿಸಲು ನಮ್ಮನ್ನು ಬಿಜಾಪುರಕ್ಕೆ ಕರೆದುಕೊಂಡು ಹೋಗಿದ್ದರು. ಮೇ ತಿಂಗಳು. ಪಂಚೆಯನ್ನು ಬಕೆಟ್ಟಿನಲ್ಲಿ ಅದ್ದಿ, ಹಿಂಡದೆ, ಕಿಟಕಿಯ ಸರಳಿಗೆ ಅಡ್ಡ ಕಟ್ಟಿದರು. ನೆಲಕ್ಕೆ ನಾಲ್ಕು ಚೊಂಬು ನೀರು ಚೆಲ್ಲಿದರು. ಅರ್ಧ ಗಂಟೆಯಲ್ಲಿ ರೂಮು ತಣ್ಣಗಾಯಿತು. ನನ್ನ ಕಣ್ಣಿಗೆ ಅಪ್ಪ ವಿಜ್ಞಾನಿಯಾದರು.

ಮುಂದಿನ ಬೇಸಿಗೆಗೆ ಮಂಗಳೂರು. ಅದೇ ಪಂಚೆ, ಅದೇ ಅಪ್ಪ, ಅಂಥದ್ದೇ ಕಿಟಕಿ. ಬೆಳಗ್ಗೆ ನೋಡಿದರೆ ಪಂಚೆ ರಾತ್ರಿ ಎಷ್ಟು ಒದ್ದೆಯಿತ್ತೋ ಅಷ್ಟೇ ಒದ್ದೆ. ನಾವೂ ಅಷ್ಟೇ. ಹಾಸಿಗೆ, ತಲೆದಿಂಬು, ಅಮ್ಮನ ಸಿಟ್ಟು, ಎಲ್ಲವೂ ಅಂಟಂಟು. ಬಿಜಾಪುರಕ್ಕಿಂತ ಇಲ್ಲಿ ಬಿಸಿಲು ಎಷ್ಟೋ ಕಡಿಮೆ, ಆದರೂ ನಿದ್ದೆ ಬರಲಿಲ್ಲ. ಲಾಡ್ಜಿನ ಫ್ಯಾನು ಸರಿಯಿಲ್ಲ ಅಂತ ಅಪ್ಪ ತೀರ್ಪು ಕೊಟ್ಟರು. ಪಾಪ, ಫ್ಯಾನಿನದೇನೂ ತಪ್ಪಿರಲಿಲ್ಲ.

ನೀರು ಆವಿಯಾಗಲು ಶಾಖ ಬೇಕು. ಅದನ್ನು ಸುತ್ತಲಿನ ಗಾಳಿಯಿಂದ, ನಮ್ಮ ಮೈಯಿಂದ ಎಳೆದುಕೊಳ್ಳುತ್ತದೆ. ಒದ್ದೆ ಪಂಚೆ ಮಾಡುವುದೂ ಅದನ್ನೇ, ಬೆವರು ಮಾಡುವುದೂ ಅದನ್ನೇ. ಬಿಜಾಪುರದ ಒಣಗಾಳಿ ನೀರು ಸಿಕ್ಕರೆ ಸಾಕು ಅಂತ ಕಾದು ಕೂತಿರುತ್ತದೆ. ಮಂಗಳೂರಿನ ಗಾಳಿ ಆಗಲೇ ಸಮುದ್ರ ಕುಡಿದು ಹೊಟ್ಟೆ ತುಂಬಿಸಿಕೊಂಡಿರುತ್ತದೆ. ನಮ್ಮ ಪಂಚೆಯ ನೀರು ಅದಕ್ಕೆ ಯಾಕೆ ಬೇಕು? ಅದಕ್ಕೇ ಕೂಲರ್ ಅನ್ನುವ ಪೆಟ್ಟಿಗೆ ಬಿಸಿಲುನಾಡಿನಲ್ಲಿ ದೇವರು, ಕರಾವಳಿಯಲ್ಲಿ ಸುಮ್ನೆ ಸದ್ದು. ಮಂಗಳೂರು, ಉಡುಪಿ, ಕಾರವಾರದ ಕಡೆ ಎಸಿ ಕೊಡುವ ಸುಖ ತಂಪಿನದು ಮಾತ್ರವಲ್ಲ, ಒಣಗಿಸುವುದರದ್ದೂ ಹೌದು. ರೂಮಿನ ಗಾಳಿಯಲ್ಲಿರುವ ನೀರನ್ನು ಹಿಂಡಿ ಪೈಪಿನಲ್ಲಿ ಹೊರಗೆ ತೊಟ್ಟಿಕ್ಕಿಸುತ್ತದೆ.

ಎಸಿ ಹುಟ್ಟಿದ್ದೇ ಅದಕ್ಕಂತೆ. 1902ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಒಂದು ಮುದ್ರಣಾಲಯ. ಸೆಕೆಗಾಲದಲ್ಲಿ ಕಾಗದ ತೇವ ಹೀರಿ ಹಿಗ್ಗುತ್ತಿತ್ತು, ಒಂದು ಬಣ್ಣದ ಮೇಲೆ ಇನ್ನೊಂದು ಬಣ್ಣ ಸರಿಯಾಗಿ ಕೂರುತ್ತಿರಲಿಲ್ಲ. ಆ ತೇವ ತೆಗೆಯಲು ವಿಲಿಸ್ ಕ್ಯಾರಿಯರ್ ಅನ್ನುವ ಎಂಜಿನಿಯರ್ ಮಾಡಿದ ಏರ್ಪಾಟು ಅದು. ಅಂದರೆ ಮೊದಲು ಹಾಯಾಗಿದ್ದದ್ದು ಕಾಗದ. ಮನುಷ್ಯರ ಸರದಿ ಆಮೇಲೆ ಬಂತು. ಅಪ್ಪನಿಗೆ ಇದು ಗೊತ್ತಿದ್ದರೆ 'ಕಾಗದಕ್ಕಾದರೆ ಸರಿ' ಅನ್ನುತ್ತಿದ್ದರೇನೋ.

ಇಷ್ಟೆಲ್ಲ ತಿಳಿದ ಮೇಲೆ ನಾನೊಂದು ಸೂತ್ರ ಮಾಡಿಕೊಂಡಿದ್ದೆ. ಕರಾವಳಿಗೆ ಎಸಿ. ಮಲೆನಾಡಿಗೆ, ಮೈಸೂರಿಗೆ ಬೇಡ. ಬೆಂಗಳೂರಿಗೂ ಬೇಡ ಅಂತಿತ್ತು. 2016ರ ಏಪ್ರಿಲ್‌ನಲ್ಲಿ ಅಲ್ಲಿ 39.2 ಡಿಗ್ರಿ ಆದಮೇಲೆ 'ನೋಡೋಣ' ಅಂತ ತಿದ್ದಿದೆ. ಒಣಗಾಳಿಯ ಊರಿಗೆ ಮಾತ್ರ ಅಪ್ಪನ ಪಂಚೆ ಸಾಕು.

ಈ ಸೂತ್ರ ಹಿಡಿದುಕೊಂಡೇ ಕಲಬುರಗಿಗೆ ಹೋದೆ. ಮೇ ತಿಂಗಳು, ಆಫೀಸಿನ ಗೆಳೆಯರ ಮಗಳ ಮದುವೆ. ಏಪ್ರಿಲ್, ಮೇನಲ್ಲಿ ಆ ಕಡೆಯ ಸರ್ಕಾರಿ ಕಚೇರಿಗಳೇ ಬೆಳಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಬಾಗಿಲು ಹಾಕುತ್ತವೆ. ಸರ್ಕಾರವೇ ಸೋಲೊಪ್ಪಿಕೊಂಡ ಬಿಸಿಲು ಅದು. ನಾನು ಒಪ್ಪಿಕೊಳ್ಳಲಿಲ್ಲ.

'ಎಸಿ ತಗೊಳ್ರಿ ಸರ' ಅಂದ ಕೌಂಟರಿನ ಹುಡುಗ.

'ನಾನ್ ಎಸಿ ಇಲ್ವಾ?'

'ಅದಾವ್ರಿ. ರೂಮ್ ಅದೇರಿ. ರಿಮೋಟ್ ಕೊಡಂಗಿಲ್ಲ, ಅಷ್ಟ.'

ಇದು ನಮ್ಮ ಲಾಡ್ಜುಗಳ ದೊಡ್ಡ ತತ್ವಜ್ಞಾನ. ಎಸಿ ಗೋಡೆಯ ಮೇಲೇ ಇರುತ್ತದೆ, ದೇವರ ಹಾಗೆ. ದಕ್ಷಿಣೆ ಕೊಡದಿದ್ದರೆ ಕಣ್ಣು ಬಿಡುವುದಿಲ್ಲ. 'ಕೂಲರ್?' ಅಂದೆ. ನನ್ನನ್ನೇ ಒಂದು ಸಲ ನೋಡಿದ. 'ಕೂಲರಿಗಿ ನೀರ್ ಎಲ್ಲಿಂದ ತರೂದ್ರಿ ಸರ, ಮೇ ತಿಂಗಳದಾಗ?' ಸೂತ್ರದಲ್ಲಿ ನೀರಿನ ಕಥೆ ಬಿಟ್ಟುಹೋಗಿತ್ತು. ಬಾತ್‌ರೂಮಿನ ನಲ್ಲಿಯೂ ದಿನಕ್ಕೆರಡು ಹೊತ್ತು ಮಾತ್ರ ಅಂತ ಬೋರ್ಡು. ಇರಲಿ, ಒಂದು ರಾತ್ರಿ ತಾನೇ ಅಂದುಕೊಂಡು ಮೂರನೇ ಮಹಡಿಯ ರೂಮು ಹಿಡಿದೆ. ಹೆಂಡತಿ ಏನೂ ಮಾತಾಡಲಿಲ್ಲ. ಮಾತಾಡದಿದ್ದರೆ ಅರ್ಥ ಬೇರೆ ಅಂತ ಇಷ್ಟು ವರ್ಷದಲ್ಲಿ ನನಗೆ ಗೊತ್ತಾಗಬೇಕಿತ್ತು.

ಮಾರನೇ ದಿನದ ಮದುವೆಗೆ ಮೊದಲು ಊರು ನೋಡೋಣ ಅಂತ ಬ್ಯಾಗಿಟ್ಟವರೇ ಕೋಟೆಗೆ ಹೋದೆವು. ಒಳಗೆ ಜಾಮಿಯಾ ಮಸೀದಿ, 1367ರದ್ದು, ಬಹಮನಿ ಕಾಲದ್ದು. ಮಸೀದಿಯ ನಡುವೆ ಸಾಮಾನ್ಯವಾಗಿ ತೆರೆದ ಅಂಗಳ ಇರುತ್ತದೆ, ಅಲ್ವಾ? ಇಲ್ಲಿ ಅದಿಲ್ಲ. ಪೂರ್ತಿ ಗುಮ್ಮಟಗಳ ಚಾವಣಿ. ಹೊರಗೆ ಕಲ್ಲು ಮುಟ್ಟಿದರೆ ಕೈ ಸುಡುತ್ತಿತ್ತು. ಒಳಗೆ ದಪ್ಪ ಗೋಡೆ, ಸಾಲು ಸಾಲು ಕಮಾನು, ನೆರಳು. ಮಗ ಒಂದು ಕಂಬಕ್ಕೆ ಬೆನ್ನು ಕೊಟ್ಟು ಕೂತವನು ಏಳಲೇ ಇಲ್ಲ. ಯಾಕೆ ಹೀಗೆ ಕಟ್ಟಿದರೋ ಪಂಡಿತರು ಹೇಳಬೇಕು. ಅಲ್ಲಿ ಅರ್ಧ ಗಂಟೆ ಕೂತರೆ ನನ್ನಂಥವನಿಗೂ ಒಂದು ಕಾರಣ ಹೊಳೆಯುತ್ತದೆ. ಹಳೆಯ ಮಣ್ಣಿನ ಮಾಳಿಗೆಯ ಮನೆಗಳಲ್ಲೂ ಹೀಗೇ ಇರುತ್ತಿತ್ತು ಅಂತ ಗೆಳೆಯರು ಹೇಳುತ್ತಿದ್ದರು. ಹಗಲು ಒಳಗೆ ತಂಪು, ರಾತ್ರಿ ಮಾಳಿಗೆಯ ಮೇಲೆ ಹೊರಸು.

ನಮ್ಮ ಲಾಡ್ಜು ಸಿಮೆಂಟಿನದು. ಮೂರನೇ ಮಹಡಿಯ ಮೇಲೆ ಬರೀ ತಾರಸಿ. ಇಡೀ ದಿನ ಕುಡಿದ ಬಿಸಿಲನ್ನು ತಾರಸಿ ರಾತ್ರಿ ನಿಧಾನಕ್ಕೆ ನಮ್ಮ ಮೇಲೆ ಇಳಿಸತೊಡಗಿತು. ಫ್ಯಾನು ಆ ಬಿಸಿಯನ್ನು ಶ್ರದ್ಧೆಯಿಂದ ಕೆಳಗೆ ತಳ್ಳುತ್ತಿತ್ತು. ಜೋರಾಗಿ ಓಡುವ ಫ್ಯಾನೇ ಶತ್ರುವಾಗುತ್ತದೆ ಅಂತ ಅಪ್ಪ ಹೇಳಿಕೊಟ್ಟಿರಲಿಲ್ಲ. ಪಂಚೆ ಅದ್ದೋಣ ಅಂದರೆ ಬಕೆಟ್ಟಿನಲ್ಲಿ ಬೆಳಗ್ಗೆಗೆ ಇಟ್ಟುಕೊಂಡ ನೀರಷ್ಟೇ. ಆದರೂ ಅರ್ಧ ಚೊಂಬು ಸುರಿದು ಕಟ್ಟಿದೆ. ಹತ್ತು ನಿಮಿಷದಲ್ಲಿ ಹಪ್ಪಳ. ಎದುರು ಗೋಡೆಯ ಮೇಲೆ ಎಸಿ ಕಣ್ಣು ಮುಚ್ಚಿಕೊಂಡು ತೂಗಿತ್ತು.

ರಾತ್ರಿ ಒಂದು ಗಂಟೆಗೆ ಸದ್ದಾಗದ ಹಾಗೆ ಬಾಗಿಲು ತೆಗೆದು ಕೆಳಗಿಳಿದೆ. ಹುಡುಗ ಹೊರಗೆ ಜಗುಲಿಯ ಮೇಲೆ ಚಾಪೆ ಹಾಸಿ ಮಲಗಿದ್ದ. ಹೆಜ್ಜೆ ಸದ್ದಿಗೆ ಎದ್ದ. ನಾನು ಬಾಯಿ ತೆರೆಯುವ ಮೊದಲೇ ತಲೆದಿಂಬಿನ ಕೆಳಗಿಂದ ರಿಮೋಟು ತೆಗೆದುಕೊಟ್ಟ.

'ರೊಕ್ಕ ಮುಂಜಾನಿ ಕೊಡ್ರಿ ಸರ.'

'ರಿಜಿಸ್ಟರಿನಲ್ಲಿ ನಾನ್ ಎಸಿ ಅಂತ ಬರೆದಿದ್ದೀಯಲ್ಲ?'

'ಇಲ್ರಿ, ಸಂಜಿಗೇ ಎಸಿ ಅಂತ ಬರದೀನಿ.'

ಮೇಲೆ ಬಂದು, ಕತ್ತಲಲ್ಲೇ ಗುಂಡಿ ಒತ್ತಿದೆ. ಎಸಿ ಒಂದು ಸಲ ಕೂಗಿ ಬಾಯಿ ತೆರೆಯಿತು. ರಿಮೋಟಿನ ಪುಟ್ಟ ಪರದೆಯಲ್ಲಿ 24 ಅಂತ ಬಂತು.

'ಇಪ್ಪತ್ತೆರಡಕ್ಕೆ ಇಡಿ' ಅಂದಳು ಹೆಂಡತಿ, ಗೋಡೆಯ ಕಡೆಯಿಂದ. ಮಲಗಿದ್ದಾಳೆ ಅಂದುಕೊಂಡಿದ್ದೆ.